ಹದಿನಾಲ್ಕನೇ ಕೋಣೆಯ ಇಂಗ್ಲಿಷ್

ಬೋಟಿನ ಅಡುಗೆಮನೆ, ನದಿಯಲ್ಲಿ ಮೆಂಫಿಸ್‌ಗಿಂತ ಕೆಳಗೆ
9 ನವೆಂಬರ್ 1996

ಕೆಡ್ರಿಕ್ ಮರಿ,

ನಿನ್ನ ಕಾಗದ ಸಾಮಾನಿನ ದೋಣಿಯಲ್ಲಿ ಬಂತು. ಆಲೂಗಡ್ಡೆ ಮೂಟೆಯ ಮೇಲೆ ಕೂತು ಬಂದದ್ದಕ್ಕೆ ಒಂದು ಮೂಲೆ ನೆನೆದಿತ್ತು. ಯೂನಿವರ್ಸಿಟಿಯವರು ಫುಟ್‌ಬಾಲ್ ಆಡಲು ನಿನ್ನನ್ನು ಕರೆದಿದ್ದಾರೆ, ಫೀಸು, ಊಟ, ವಸತಿ ಎಲ್ಲ ಅವರದೇ ಎಂಬ ಸಾಲು ಮಾತ್ರ ಒಣಗಿತ್ತು, ಸದ್ಯ. ಒಲೆಯ ಮುಂದೆ ನಿಂತೇ ಮೂರು ಸಲ ಓದಿದೆ. ಅಷ್ಟರಲ್ಲಿ ಗ್ರೇವಿ ತಳ ಹಿಡಿಯಿತು. ಡೆಕ್ಕಿನ ಹುಡುಗರು ಊಟಕ್ಕೆ ಬಂದವರು, "ಏನ್ ವರ್ಲೀನಕ್ಕಾ, ಇವತ್ತು ಇದ್ದಿಲು ಬಡಿಸ್ತಿದೀರಾ?" ಎಂದರು. "ನನ್ನ ಮಗ ಕಾಲೇಜಿಗೆ ಹೋಗ್ತಿದಾನೆ ಕಣ್ರೋ, ಬಾಯ್ಮುಚ್ಕೊಂಡು ತಿನ್ನಿ" ಎಂದೆ. ತಿಂದರು.

ಕ್ಯಾಪ್ಟನ್ ಹೆಬರ್ಟ್‌ಗೆ ಎಲ್ಲ ವಿವರ ಬೇಕು. "ನಿನ್ ಮಗ ಚೆಂಡು ಎಸೆಯೋನಾ, ಹಿಡಿಯೋನಾ?" ಎಂದು ಕೇಳಿದ. ಎರಡೂ ಅಲ್ಲ, ಎಸೆಯುವವನ ಮೇಲೆ ಯಾರೂ ಬೀಳದ ಹಾಗೆ ಅಡ್ಡ ನಿಲ್ಲುವವನು ಎಂದೆ. "ಹಾಗಾದ್ರೆ ಚೆಂಡನ್ನ ಮುಟ್ಟೋದೇ ಇಲ್ವಾ?" ಎಂದು ನಕ್ಕ. "ನಾನೂ ಇಷ್ಟು ವರ್ಷದಿಂದ ಈ ಬೋಟಲ್ಲಿದೀನಿ, ಒಂದಿನ ನಿಮ್ಮ ಸ್ಟೀರಿಂಗ್ ಮುಟ್ಟಿದೀನಾ? ನಾನಿಲ್ದೆ ಈ ಬೋಟು ಒಂದು ಮೈಲಿ ಹೋಗತ್ತಾ?" ಎಂದೆ. ಅವನು ತಟ್ಟೆ ಮುಂದಕ್ಕೆ ಚಾಚಿದ.

ಎರಡು ವರ್ಷದ ಹಿಂದೆ ಆಗಿದ್ದರೆ ಈ ಕಾಗದವನ್ನು ಒಪಾಲ್ ದೊಡ್ಡಮ್ಮ ನಿನಗೆ ಓದಿ ಹೇಳಬೇಕಾಗುತ್ತಿತ್ತು. ನಿಮ್ಮಿಬ್ಬರನ್ನೂ ಒಂದೇ ಮನೆಯಲ್ಲಿ ಬಿಟ್ಟು ಬಂದ ಮೇಲೆ ಅವಳ ಬಗ್ಗೆ ಒಂದಕ್ಷರ ಬರೆಯುವ ಹಾಗಿರಲಿಲ್ಲ. ಈಗ ಧೈರ್ಯವಾಗಿ ಬರೆಯುತ್ತೇನೆ: ಅವಳು ಮಾಡುವ ಮೆಕ್ಕೆಜೋಳದ ಬ್ರೆಡ್ಡು ತಿಂದು ಹಲ್ಲು ಮುರಿದುಕೊಳ್ಳಬೇಡ, ಕಾಲೇಜಿನವರು ಹಲ್ಲಿರುವ ಹುಡುಗನನ್ನು ನೋಡಿ ಕರೆದಿದ್ದಾರೆ. ನಿನಗೆ ಓದು ಕಲಿಸಿದ ಪೆಟ್ಟಿಗ್ರೂ ಟೀಚರಿಗೆ ನನ್ನ ನಮಸ್ಕಾರ ತಿಳಿಸು. ಆ ಹೆಂಗಸನ್ನು ದಿನಾ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ನಿನ್ನ ಅಮ್ಮ

*

ಟರ್ನರ್ಸ್ ಬೆಂಡ್, ಆರ್ಕನ್ಸಾ
9 ಫೆಬ್ರವರಿ 1997

ಅಮ್ಮಾ,

ಬುಧವಾರ ಸಹಿ ಹಾಕಿದೆ. ಶಾಲೆಯ ಜಿಮ್‌ನಲ್ಲಿ ಮೇಜು ಇಟ್ಟಿದ್ದರು. ಯೂನಿವರ್ಸಿಟಿಯ ಟೋಪಿ ಹಾಕಿಸಿದರು. ಟೋಪಿ ನನ್ನ ತಲೆಗೆ ಚಿಕ್ಕದು. ಫೋಟೋದಲ್ಲಿ ಗೊತ್ತಾಗುವುದಿಲ್ಲ ಎಂದು ಕೋಚ್ ಮೇಬ್ರಿ ಹೇಳಿದರು. ಗೊತ್ತಾಗುತ್ತದೆ.

ಸಹಿ ಹಾಕುವ ಮೊದಲು ನಾನು ಆ ಕಾಗದ ಪೂರ್ತಿ ಓದಿದೆ. ಎಲ್ಲರೂ ಕಾಯುತ್ತಿದ್ದರು. ಕೋಚ್ ಕಿವಿಯಲ್ಲಿ "ಸಹಿ ಹಾಕೋ ಮಾರಾಯಾ, ಕೇಕು ಕರಗ್ತಿದೆ" ಎಂದರು. ಪೆಟ್ಟಿಗ್ರೂ ಟೀಚರ್ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. "ಓದ್ಲಿ ಬಿಡಿ" ಎಂದು ಅಲ್ಲಿಂದಲೇ ಜೋರಾಗಿ ಹೇಳಿದರು.

ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಪೆಟ್ಟಿಗ್ರೂ ಟೀಚರ ಹದಿನಾಲ್ಕನೇ ಕೋಣೆಯಲ್ಲಿ ಈಗ ಏಳು ಜನ ಇದ್ದೇವೆ. ಕಾರಿಡಾರಿನಲ್ಲಿ ಹುಡುಗರು ಈಗಲೂ "ಹದ್ನಾಲ್ಕಾ?" ಎಂದು ಹಣೆಗೆ ಬೆರಳು ತೋರಿಸುತ್ತಾರೆ. ನನ್ನ ಎದುರಿಗೆ ತೋರಿಸುವುದಿಲ್ಲ, ನನ್ನ ಗಾತ್ರ ನೋಡಿ. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ದೊಡ್ಡ ಕ್ಲಾಸಿನಲ್ಲಿದ್ದಾಗ ಇಂಗ್ಲಿಷ್ ಗಂಟೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದೆ. ಯಾರೂ ಎಬ್ಬಿಸುತ್ತಿರಲಿಲ್ಲ. ಶುಕ್ರವಾರ ಪಂದ್ಯ ಇರುತ್ತಿತ್ತಲ್ಲ. ಹದಿನಾಲ್ಕರಲ್ಲಿ ಮಲಗಲು ಬಿಡುವುದಿಲ್ಲ. ಈ ವಾರ ಒಂದು ಪುಸ್ತಕ ಮುಗಿಸಿದೆ, ಕಳ್ಳಸಾಗಣೆ ಹಡಗಿನದು. ಕೊನೆಯಲ್ಲಿ ಎಲ್ಲರೂ ಸಾಯುತ್ತಾರೆ. ಚೆನ್ನಾಗಿತ್ತು.

ಇವತ್ತು ಚರ್ಚಿನಲ್ಲಿ ಪಾದ್ರಿ ನನ್ನನ್ನು ಎದ್ದು ನಿಲ್ಲಿಸಿದರು. ಜನ ಚಪ್ಪಾಳೆ ಹೊಡೆದರು. ದೊಡ್ಡಮ್ಮ ಅತ್ತಳು. ನನಗೂ ಖುಷಿಯಾಯಿತು ಅಮ್ಮಾ. ಅದನ್ನು ಹೇಗೆ ಬರೆಯಬೇಕು ಗೊತ್ತಾಗಲಿಲ್ಲ, ಅದಕ್ಕೆ ಹೀಗೇ ಬರೆದಿದ್ದೇನೆ.

ನಿನ್ನ ಮಗ
ಕೆಡ್ರಿಕ್

*

ಟರ್ನರ್ಸ್ ಬೆಂಡ್
21 ಮಾರ್ಚ್ 1997

ಅಮ್ಮಾ,

ಪ್ರಿನ್ಸಿಪಾಲ್ ಡಾಕರಿ ಕರೆಸಿದ್ದರು. ನಾನು ಹೋಗುವ ಮೊದಲೇ ಕೋಚ್ ಅಲ್ಲಿ ಕೂತಿದ್ದರು.

ಬೇರೆ ರಾಜ್ಯದಲ್ಲಿ ಒಂದು ಕಚೇರಿ ಇದೆಯಂತೆ. ದೊಡ್ಡ ಕಾಲೇಜುಗಳಲ್ಲಿ ಆಡಬೇಕೆಂದಿರುವ ಹೈಸ್ಕೂಲು ಹುಡುಗರು ಯಾವ ಯಾವ ಪಾಠ ಓದಿದ್ದಾರೆ ಎಂದು ಅವರು ಒಂದೊಂದಾಗಿ ನೋಡುತ್ತಾರೆ. ಸರಿಯಾದ ಪಾಠಗಳಾಗಿದ್ದರೆ ಅರ್ಹ ಎನ್ನುತ್ತಾರೆ. ಇಲ್ಲದಿದ್ದರೆ ಮೊದಲ ವರ್ಷ ಆಡುವ ಹಾಗಿಲ್ಲ, ಯೂನಿವರ್ಸಿಟಿ ಹಣ ಕೊಡುವ ಹಾಗಿಲ್ಲ. ನನ್ನ ಗಣಿತ ಸರಿ ಇದೆ. ವಿಜ್ಞಾನ ಸರಿ ಇದೆ. ಪ್ರವೇಶ ಪರೀಕ್ಷೆಯ ಅಂಕವೂ ಸಾಕಾಗಿದೆ. ಇಂಗ್ಲಿಷ್ ನಾಲ್ಕು ವರ್ಷ ಬೇಕು. ನನ್ನದು ಎರಡೇ ವರ್ಷ ಲೆಕ್ಕಕ್ಕೆ ಬಂದಿದೆ.

ಕೋಚ್ ಪ್ರಿನ್ಸಿಪಾಲರನ್ನು ಕೇಳಿದರು, "ಯಾವ ಎರಡು?"

"ಒಂಬತ್ತು ಮತ್ತು ಹತ್ತು."

"ಆಗ ಇವ್ನು ಬೆಂಚಿಗೆ ತಲೆ ಕೊಟ್ಟು ಗೊರಕೆ ಹೊಡೀತಿದ್ದ ಕಣ್ರೀ. ಅದು ಲೆಕ್ಕಕ್ಕೆ ಬಂತಾ?"

"ಬಂತು."

"ಓದೋದು ಕಲ್ತ ಎರಡು ವರ್ಷ?"

"ಹದ್ನಾಲ್ಕನೇ ಕೋಣೆ ಅವರ ಪಟ್ಟೀಲಿ ಇಲ್ಲ ಕೋಚ್. ಅದು ವಿಶೇಷ ತರಗತಿ ಅಂತ ಇದೆ. ನಾವೂ ಅದನ್ನ ಇಷ್ಟು ದಿನ ನೋಡ್ಲಿಲ್ಲ."

ಕೋಚ್ ನಕ್ಕರು. ಅವರು ನಕ್ಕಿದ್ದಕ್ಕೆ ನಾನೂ ನಕ್ಕೆ. ಆಮೇಲೆ ಭಾರ ಎತ್ತುವ ಕೋಣೆಗೆ ಹೋದೆ. ಎಷ್ಟು ಎತ್ತಿದೆ ಎಂದು ನೆನಪಿಲ್ಲ. ಪಕ್ಕದಲ್ಲಿದ್ದವರು ಸಾಕು ನಿಲ್ಲಿಸು ಎಂದರು.

ಈಗ ದೊಡ್ಡ ಕ್ಲಾಸಿಗೆ ಹೋಗಿ ಎರಡು ವರ್ಷದ್ದನ್ನು ಎರಡು ತಿಂಗಳಲ್ಲಿ ಮುಗಿಸಲು ಆಗುವುದಿಲ್ಲವಂತೆ. ಶಾಲೆ ಅವರಿಗೆ ಬರೆದು ಕೇಳಬಹುದಂತೆ, ಈ ಕೋಣೆಯ ಇಂಗ್ಲಿಷೂ ಇಂಗ್ಲಿಷೇ ಎಂದು. ಕೇಳುತ್ತಾರೆ.

ನೀನು ಚಿಂತೆ ಮಾಡಬೇಡ. ಊಟ ಮಾಡುತ್ತಿದ್ದೇನೆ.

ಕೆಡ್ರಿಕ್

*

ವಿಕ್ಸ್‌ಬರ್ಗ್
3 ಏಪ್ರಿಲ್ 1997

ಮರಿ,

ನಿನ್ನ ಕಾಗದ ಓದಿದ ದಿನ ಬೋಟು ದಡ ಮುಟ್ಟಲೆಂದು ಹಲ್ಲು ಕಚ್ಚಿ ಕಾದೆ. ವಿಕ್ಸ್‌ಬರ್ಗ್‌ನಲ್ಲಿ ಇಳಿದವಳೇ ಏಪ್ರನ್ ಕೂಡ ಬಿಚ್ಚದೆ ಫೋನ್ ಬೂತಿಗೆ ಓಡಿದೆ. ಆ ಕಚೇರಿಯ ನಂಬರು ಹುಡುಕಿ ಮಾಡಿದರೆ ಮೊದಲು ಒಂದು ಯಂತ್ರ ಮಾತಾಡಿತು, ಅದಕ್ಕೆ ಒತ್ತು, ಇದಕ್ಕೆ ಒತ್ತು ಎಂದು. ಎಲ್ಲ ಒತ್ತಿದೆ. ಕೊನೆಗೆ ಒಬ್ಬಳು ಹುಡುಗಿ ಸಿಕ್ಕಳು. ಜೇನಿನಂಥ ದನಿ.

"ಮೇಡಂ, ನಾನು ವಿದ್ಯಾರ್ಥಿ ಜೊತೆ ಅಥ್ವಾ ಶಾಲೆ ಜೊತೆ ಮಾತ್ರ ಮಾತಾಡ್ಬಹುದು."

"ಅವನನ್ನ ಹೆತ್ತಿದ್ದು ನಾನು ಕಣಮ್ಮಾ."

"ಅದು ನಮ್ಮ ದಾಖಲೇಲಿ ಇರತ್ತೆ ಮೇಡಂ."

"ದಾಖಲೇಲಿ ಇರತ್ತಾ? ಎಷ್ಟು ಹೊತ್ತು ನೋವು ತಿಂದೆ ಅಂತಲೂ ಇರತ್ತಾ ನೋಡು."

ಫೋನು ಇಟ್ಟಳು. ಬೈದದ್ದು ತಪ್ಪಾಯಿತು, ಆ ಮಗು ಏನು ಮಾಡೀತು. ಆದರೆ ಇದನ್ನು ಯಾರನ್ನು ಕೇಳಬೇಕು ಹೇಳು. ಮಲಗಿದ್ದು ಓದು, ಓದಿದ್ದು ಓದಲ್ಲ. ಇಂಥ ಲೆಕ್ಕವನ್ನು ನನ್ನ ಅಡುಗೆಮನೆಯಲ್ಲಿ ಮಾಡಿದರೆ ಬೋಟಿನವರು ನನ್ನನ್ನು ನೀರಿಗೆ ಎಸೆಯುತ್ತಾರೆ.

ಪ್ರಿನ್ಸಿಪಾಲರು ಬರೆಯುತ್ತೇನೆ ಎಂದಿದ್ದಾರಲ್ಲ, ಬರೆಯಲಿ. ಅವರ ಬೆನ್ನು ಬಿಡಬೇಡ. ದಿನಾ ಅವರ ಬಾಗಿಲ ಮುಂದೆ ನಿಲ್ಲು. ಅಡ್ಡ ನಿಲ್ಲುವುದೇ ನಿನ್ನ ಕೆಲಸವಲ್ಲವೇ.

ಅಮ್ಮ

*

ಟರ್ನರ್ಸ್ ಬೆಂಡ್
27 ಏಪ್ರಿಲ್ 1997

ಅಮ್ಮಾ,

ಆ ಕಚೇರಿಯವರು ತರಗತಿಯ ಟೀಚರೇ ಬರೆದು ಕಳಿಸಲಿ ಎಂದಿದ್ದಾರೆ. ಪ್ರಿನ್ಸಿಪಾಲ್ ನನ್ನ ಎದುರಿಗೇ ಪೆಟ್ಟಿಗ್ರೂ ಟೀಚರಿಗೆ ಹೇಳಿದರು, "ಜಾಸ್ತಿ ಬೇಡ. ಅದೇ ಪುಸ್ತಕ, ಅದೇ ಪರೀಕ್ಷೆ, ಕೋಣೆ ಮಾತ್ರ ಚಿಕ್ಕದು. ಇಷ್ಟು ಬರ್ದು ಸಹಿ ಹಾಕಿ, ಸಾಕು."

ಟೀಚರ್ "ಬರೀತೀನಿ" ಎಂದರು.

ಅದಕ್ಕೆ ಒಂದು ವಾರ ತೆಗೆದುಕೊಂಡರು. ಮಧ್ಯಾಹ್ನ ಊಟಕ್ಕೂ ಹೋಗದೆ ಬರೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಏನು ಟೀಚರ್ ಎಂದರೆ, "ನಿನ್ನ ವಿಷಯ ಸರಿಯಾಗಿ ಹೇಳ್ಬೇಕು ಕಣೋ. ಅಲ್ಲಿರೋರಿಗೆ ನೀನು ಬರೀ ಒಂದು ನಂಬರು. ನೀನು ಯಾರು ಅಂತ ಅವ್ರಿಗೆ ಗೊತ್ತಾಗ್ಬೇಕು" ಎಂದರು. ಬರೆದು ಮುಗಿಸಿದವರು ತಾವೇ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದರು. ಅವತ್ತು ತುಂಬ ಖುಷಿಯಲ್ಲಿದ್ದರು. ಕೋಣೆಯಲ್ಲಿದ್ದ ಏಳೂ ಜನಕ್ಕೆ ಡೋನಟ್ ತಂದಿದ್ದರು.

ಯೂನಿವರ್ಸಿಟಿಯ ಕೋಚ್ ಭಾನುವಾರ ಭಾನುವಾರ ಫೋನು ಮಾಡುತ್ತಾರೆ. ಬೂಟಿನ ಅಳತೆ ಕೇಳಿದರು.

ಅಮ್ಮಾ, ಇದು ಆಗದಿದ್ದರೆ ನಿಮ್ಮ ಕ್ಯಾಪ್ಟನ್ ನನ್ನನ್ನು ಡೆಕ್ಕಿನ ಕೆಲಸಕ್ಕೆ ತೆಗೆದುಕೊಳ್ಳುತ್ತಾರಾ? ಸುಮ್ಮನೆ ಕೇಳಿದೆ.

ಕೆಡ್ರಿಕ್

*

ಬೋಟಿನಿಂದ
8 ಮೇ 1997

ಕೆಡ್ರಿಕ್,

ಇಲ್ಲ.

ಸುಮ್ಮನೆ ಕೇಳಿದ್ದಕ್ಕೂ ಇಲ್ಲ. ಈ ಮಾತನ್ನು ಇನ್ನೊಮ್ಮೆ ಎತ್ತಬೇಡ. ನಾನು ಇಲ್ಲಿ ದಿನಾ ಆ ಹುಡುಗರ ತಟ್ಟೆಗೆ ಬಡಿಸುತ್ತೇನೆ, ತಟ್ಟೆ ಹಿಡಿದ ಕೈಗಳನ್ನು ನೋಡುತ್ತೇನೆ. ಸರಕು ತುಂಬಿದ ಬಾರ್ಜುಗಳನ್ನು ಒಂದಕ್ಕೊಂದು ಕಟ್ಟುವ ಉಕ್ಕಿನ ಹಗ್ಗ ಬೆರಳೆಂದು ಕಂಡರೆ ಬಿಡುವುದಿಲ್ಲ. ಇಲ್ಲಿ ಮೂವತ್ತು ವರ್ಷದವನಿಗೆ ಅರವತ್ತರ ಮಂಡಿ. ನಿನ್ನ ಅಪ್ಪ ಈ ನದಿಯಲ್ಲಿ ಮೊದಲು ಬೆನ್ನು ಕಳೆದುಕೊಂಡ, ಆಮೇಲೆ ಬುದ್ಧಿ, ಆಮೇಲೆ ನಮ್ಮನ್ನು. ನಾನು ಇಷ್ಟು ವರ್ಷ ಇಲ್ಲಿ ಬೇಯಿಸಿದ್ದು ನೀನು ಇಲ್ಲಿಗೆ ಬಂದು ಉಣ್ಣಲಿ ಎಂದಲ್ಲ.

ಟೀಚರ್ ಬರೆದಿದ್ದಾರೆ, ಆಗುತ್ತದೆ. ಆ ಹೆಂಗಸು ಕೈ ಹಾಕಿದ್ದು ಯಾವುದು ಆಗಿಲ್ಲ ಹೇಳು. ಬೂಟಿನ ಅಳತೆ ಸರಿಯಾಗಿ ಕೊಟ್ಟೆಯಾ? ನಿನ್ನ ಬಲಗಾಲು ಸ್ವಲ್ಪ ದೊಡ್ಡದು, ಅದನ್ನು ಹೇಳು.

ಅಮ್ಮ

*

ಟರ್ನರ್ಸ್ ಬೆಂಡ್
1 ಜೂನ್ 1997

ಅಮ್ಮಾ,

ಉತ್ತರ ಬಂತು. ಆಗುವುದಿಲ್ಲವಂತೆ.

ಪ್ರಿನ್ಸಿಪಾಲ್ ನನ್ನ ಕೈಗೆ ಕೊಟ್ಟು ಓದು ಎಂದರು. ಓದಿದೆ. ಪೆಟ್ಟಿಗ್ರೂ ಟೀಚರ್ ಬರೆದದ್ದರಿಂದಲೇ ಒಂದು ಸಾಲು ಅದರಲ್ಲಿ ಹಾಕಿದ್ದಾರೆ. "ನನ್ನ ಬಳಿ ಬಂದಾಗ ಕ್ಯಾಂಟೀನಿನ ಊಟದ ಪಟ್ಟಿಯನ್ನೂ ಓದಲಾರದಿದ್ದ ಹುಡುಗ ಇಂದು ತಾನೇ ಆರಿಸಿದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ." ಅದರ ಕೆಳಗೆ, ಓದಲು ಕಲಿಸುವ ತರಗತಿಯನ್ನು ಹೈಸ್ಕೂಲು ಮಟ್ಟದ ಇಂಗ್ಲಿಷ್ ಎಂದು ಪರಿಗಣಿಸಲು ಬರುವುದಿಲ್ಲ ಎಂದಿದೆ. ಬೋಧಕರ ಹೇಳಿಕೆಯಿಂದಲೇ ಇದು ಸ್ಪಷ್ಟವಾಗಿದೆ ಎಂದಿದೆ. ಒಂದೇ ಒಂದು ಪದ ತಡೆಯಿತು. ಉಳಿದದ್ದೆಲ್ಲ ಸರಾಗವಾಗಿ ಓದಿದೆ.

ನಾನು ಹೊರಗೆ ಬಂದ ಮೇಲೆ ಟೀಚರನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತ್ತು. "ಒಂದು ಸಾಲು ಬರೀರಿ ಅಂದ್ರೆ ಮೂರು ಪುಟ ಬರೀತೀರಲ್ರೀ! ಯಾರ್ ಕೇಳಿದ್ರು ಅವನಿಗೆ ಏನ್ ಬರ್ತಿರ್ಲಿಲ್ಲ ಅಂತ?" ಎಂದು ಪ್ರಿನ್ಸಿಪಾಲ್ ಕೂಗಿದ್ದು ಕಾರಿಡಾರಿಗೂ ಕೇಳಿತು.

ಯೂನಿವರ್ಸಿಟಿಯ ಕೋಚ್ ಫೋನು ಮಾಡಿದ್ದರು. "ಬೇಜಾರ್ ಮಾಡ್ಕೋಬೇಡ ದೊಡ್ಡೋನೇ. ಎಲ್ಲಾದ್ರೂ ಜೂನಿಯರ್ ಕಾಲೇಜಲ್ಲಿ ಎರಡು ವರ್ಷ ಆಡು, ಆಮೇಲೆ ನೋಡೋಣ" ಎಂದರು. ಸರಿ ಸಾರ್ ಎಂದೆ. ಅವರು ಮತ್ತೆ ಮಾಡಿಲ್ಲ.

ಒಪಾಲ್ ದೊಡ್ಡಮ್ಮ ಪಾತ್ರೆ ಒರೆಸುತ್ತ ಹೇಳಿದಳು, "ನಿಮ್ಮಮ್ಮನ ಕಾಗ್ದ ನಾನೇ ಓದಿ ಹೇಳ್ತಾ ಇದ್ದಿದ್ರೆ ನೀನು ಇಷ್ಟೊತ್ತಿಗೆ ಕಾಲೇಜು ಸೇರ್ತಿದ್ದೆ ಕಣೋ." ಕೆಟ್ಟದ್ದಕ್ಕೆ ಹೇಳಲಿಲ್ಲ. ಲೆಕ್ಕ ಹಾಕಿ ಹೇಳಿದಳು, ದೊಡ್ಡ ಕ್ಲಾಸಿನಲ್ಲೇ ಮಲಗಿದ್ದಿದ್ದರೆ ನಾಲ್ಕು ವರ್ಷ ಆಗುತ್ತಿತ್ತು ಎಂದು. ಅವಳು ಹೇಳಿದ್ದು ಸರಿ.

ಶಾಲೆಯ ಬೀಳ್ಕೊಡುಗೆ ಆಯಿತು. ಕಪ್ಪು ಗೌನು ಹಾಕಿದ್ದೆ. ಚರ್ಚಿನಲ್ಲಿ ಯಾರಿಗೂ ಹೇಳಿಲ್ಲ, ಅವರು ಈಗಲೂ ಕೈ ಕುಲುಕಿ ಅಭಿನಂದನೆ ಎನ್ನುತ್ತಾರೆ. ನಾನು ಥ್ಯಾಂಕ್ಸ್ ಎನ್ನುತ್ತೇನೆ. ನನಗೆ ಏನೂ ಅನ್ನಿಸುತ್ತಿಲ್ಲ ಅಮ್ಮಾ. ಅನ್ನಿಸಬೇಕು ಎಂದು ಕಾಯುತ್ತಿದ್ದೇನೆ. ನಿದ್ದೆ ಬರುತ್ತದೆ, ಎದ್ದರೆ ಮತ್ತೆ ನಿದ್ದೆ ಬರುತ್ತದೆ.

ಕೆಡ್ರಿಕ್

*

ಬೋಟಿನಿಂದ
10 ಜೂನ್ 1997

ಶ್ರೀಮತಿ ಪೆಟ್ಟಿಗ್ರೂ ಅವರಿಗೆ,

ನಾನು ಕೆಡ್ರಿಕ್ ಟಾಲಿವರ್‌ನ ತಾಯಿ. ನಾವು ಒಂದೇ ಸಲ ಭೇಟಿಯಾಗಿದ್ದು. ಅವತ್ತು ನಿಮ್ಮ ಎರಡೂ ಕೈ ಹಿಡಿದುಕೊಂಡು ಅತ್ತಿದ್ದೆ, ನೆನಪಿರಬಹುದು.

ನಿಮ್ಮನ್ನು ದೇವರ ಪಕ್ಕದಲ್ಲಿ ಕೂರಿಸಿದ್ದೆ ನಾನು. ಈಗ ಅಲ್ಲಿಂದ ಹೇಗೆ ಇಳಿಸಬೇಕು ಎಂದು ತಿಳಿಯುತ್ತಿಲ್ಲ. ನಿಮಗೆ ಹೇಳಿದ್ದು ಒಂದು ಸಾಲು. ಅದೇ ಪುಸ್ತಕ, ಅದೇ ಪರೀಕ್ಷೆ. ನನ್ನಂಥವಳಿಗೂ ಅಷ್ಟು ಬರೆಯಲು ಬರುತ್ತದೆ. ಅವನಿಗೆ ಓದು ಬರುತ್ತಿರಲಿಲ್ಲ ಎಂದು ಆ ಅಪರಿಚಿತರಿಗೆ ಯಾಕೆ ಹೇಳಿದಿರಿ? ಹದಿನಾರು ವರ್ಷ ಆ ಹುಡುಗ ಅದೊಂದನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದ. ಹೋಟೆಲಿಗೆ ಹೋದರೆ ಪಕ್ಕದವನು ಏನು ಹೇಳಿದನೋ ಅದೇ ನನಗೂ ಎನ್ನುತ್ತಿದ್ದ. ಅದನ್ನು ನಿಮಗೆ ನಂಬಿ ತೋರಿಸಿದ. ನೀವು ಅದಕ್ಕೆ ಅಂಚೆಚೀಟಿ ಅಂಟಿಸಿ ಕಳಿಸಿದಿರಿ.

ನೀವು ಅವನಿಗೆ ಓದು ಕಲಿಸಿದಿರಿ. ಆ ಋಣ ನನ್ನ ಮೇಲಿದೆ, ಅದಕ್ಕೇ ಇದಕ್ಕಿಂತ ಜಾಸ್ತಿ ಬರೆಯುತ್ತಿಲ್ಲ.

ವರ್ಲೀನ್ ಟಾಲಿವರ್

*

ಟರ್ನರ್ಸ್ ಬೆಂಡ್
26 ಜೂನ್ 1997

ಪ್ರಿಯ ಶ್ರೀಮತಿ ಟಾಲಿವರ್,

ನಿಮ್ಮ ಪತ್ರ ತಲುಪಿತು. ನೀವು ಬರೆದದ್ದರಲ್ಲಿ ಒಂದು ಮಾತೂ ಹೆಚ್ಚಲ್ಲ.

ಸಮಜಾಯಿಷಿ ಕೊಡಲು ಬರೆಯುತ್ತಿಲ್ಲ. ಏನಾಯಿತು ಎಂದಷ್ಟೇ ಹೇಳುತ್ತೇನೆ. ಆ ಕೋಣೆಯಲ್ಲಿ ನಾನು ಪಾಠ ಮಾಡಲು ಶುರು ಮಾಡಿ ತುಂಬ ವರ್ಷವಾಯಿತು. ಮೊದಲು ಅದು ಜಿಮ್‌ನ ಸಾಮಾನು ಇಡುವ ಜಾಗವಾಗಿತ್ತು. ಇಷ್ಟು ವರ್ಷದಲ್ಲಿ ಅಲ್ಲಿ ನೀವೇನು ಮಾಡುತ್ತೀರಿ ಎಂದು ಬರವಣಿಗೆಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಆ ಕಚೇರಿಯಿಂದ ಬಂದ ಕಾಗದದಲ್ಲಿ 'ಈ ತರಗತಿಯಲ್ಲಿ ವಿದ್ಯಾರ್ಥಿ ಏನನ್ನು ಕಲಿತಿದ್ದಾನೆ, ವಿವರಿಸಿ' ಎಂದಿತ್ತು. ಅವರು ನಿಜವಾಗಿಯೂ ಕೇಳುತ್ತಿದ್ದಾರೆ ಎಂದುಕೊಂಡೆ.

ಪ್ರಿನ್ಸಿಪಾಲರು ಹೇಳಿದ ಸಾಲನ್ನು ಮೊದಲು ಬರೆದೆ. ಓದಿ ನೋಡಿದರೆ ಅದರಲ್ಲಿ ಕೆಡ್ರಿಕ್ ಇರಲಿಲ್ಲ, ಯಾವ ಹುಡುಗನ ಹೆಸರು ಹಾಕಿದರೂ ನಡೆಯುತ್ತಿತ್ತು. ಅದನ್ನು ಹರಿದು ಹಾಕಿದೆ. ಅವನು ಎಲ್ಲಿಂದ ಎಲ್ಲಿಗೆ ಬಂದ ಎಂದು ತಿಳಿದರೆ ಯಾರು ತಾನೇ ಇಲ್ಲ ಎಂದಾರು ಎಂದು ಭಾವಿಸಿದೆ. ಅವನ ಬಗ್ಗೆ ಹೆಮ್ಮೆ ಇತ್ತು. ನನ್ನ ಬಗ್ಗೆಯೂ ಇತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕಳೆದ ಮಂಗಳವಾರ ನಿಮ್ಮ ಮನೆಗೆ ಹೋಗಿದ್ದೆ. ಬಾಗಿಲು ತೆರೆದದ್ದು ಅವನೇ. ಕೂರಿಸಿ, ಐಸ್ ಹಾಕಿದ ಟೀ ತಂದುಕೊಟ್ಟ. ಕ್ಷಮಿಸು ಎಂದೆ. "ನೀವು ಬರ್ದಿದ್ದು ಸುಳ್ಳಲ್ವಲ್ಲ ಟೀಚರ್" ಎಂದ. ಆಮೇಲೆ ಇಬ್ಬರೂ ಟೀ ಕುಡಿದೆವು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನದಿಯಾಚೆ ಮಿಸಿಸಿಪ್ಪಿಯಲ್ಲಿ ಒಂದು ಜೂನಿಯರ್ ಕಾಲೇಜಿದೆ. ಹೈಸ್ಕೂಲು ಮುಗಿಸಿದವರನ್ನು ಅವರು ಬೇರೇನೂ ಕೇಳದೆ ಸೇರಿಸಿಕೊಳ್ಳುತ್ತಾರೆ, ಆಡಲೂ ಬಿಡುತ್ತಾರೆ. ಅಲ್ಲಿಯ ಕೋಚ್ ಜೊತೆ ಮಾತಾಡಿದ್ದೇನೆ. ಆಗಸ್ಟ್‌ನಲ್ಲಿ ಬಾ ಎಂದಿದ್ದಾರೆ. ದಯವಿಟ್ಟು ಅವನಿಗೆ ನೀವು ಹೇಳಿ. ನನ್ನ ಮಾತಿಗೆ ಅವನು ಸರಿ ಟೀಚರ್ ಎಂದ, ಆದರೆ ಆ ಸರಿಯಲ್ಲಿ ಏನೂ ಇರಲಿಲ್ಲ.

ಇತಿ,
ಅಡಲೈನ್ ಪೆಟ್ಟಿಗ್ರೂ

*

ಬೋಟಿನಿಂದ
2 ಆಗಸ್ಟ್ 1997

ಮರಿ,

ರಜೆಗೆಂದು ಮನೆಗೆ ಬಂದವಳು ನಿನ್ನ ಜೊತೆ ನೆಟ್ಟಗೆ ಮಾತನ್ನೇ ಆಡದೆ ಬೋಟಿಗೆ ಬಂದುಬಿಟ್ಟೆ. ನೀನು ಮಲಗಿದ್ದೆ. ಎದ್ದಾಗ ಟಿವಿ ನೋಡುತ್ತಿದ್ದೆ. ಟಿವಿಯಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಅದೂ ನಿನಗೆ ಗೊತ್ತಿರಲಿಲ್ಲ. ಹಂದಿಮಾಂಸ ಹುರಿದರೆ ತಿಂದೆ, ಬೀನ್ಸ್ ಬೇಯಿಸಿದರೆ ತಿಂದೆ, ಎರಡಕ್ಕೂ ಚೆನ್ನಾಗಿದೆ ಎಂದೆ. ಬೀನ್ಸಿಗೆ ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ ಕಣೋ. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಿಸಿಸಿಪ್ಪಿಯ ಕಾಲೇಜಿಗೆ ಹೋಗು. ಅದು ದೊಡ್ಡ ಯೂನಿವರ್ಸಿಟಿಯಲ್ಲ, ಗೊತ್ತು. ಅಲ್ಲಿ ಟೋಪಿ ಹಾಕಿಸಿ ಫೋಟೋ ತೆಗೆಯುವುದಿಲ್ಲ. ಆದರೆ ಎರಡು ವರ್ಷ ಕಳೆದರೆ ಮತ್ತೆ ದೊಡ್ಡ ಬಾಗಿಲು ತೆರೆದೀತು. ಟೀಚರ ಮೇಲಿನ ಸಿಟ್ಟಿಗೆ ಹೋಗದೆ ಇರಬೇಡ. ಆಕೆ ನನಗೆ ಬರೆದಿದ್ದಳು. ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಕಾಗದವನ್ನು ಹರಿಯಲೂ ಇಲ್ಲ.

ನೀನು ಹೋದೆ ಎಂದು ಒಂದು ಸಾಲು ಬರೆ, ಸಾಕು. ನಾನು ಅಷ್ಟರಲ್ಲೇ ಉಸಿರಾಡುತ್ತೇನೆ.

ಅಮ್ಮ

*

24 ಆಗಸ್ಟ್ 1997

ಅಮ್ಮಾ,

ಬಂದು ಸೇರಿದೆ. ಊಟ ಚೆನ್ನಾಗಿದೆ, ನಿನ್ನ ಕೈಯಷ್ಟಿಲ್ಲ. ಕೋಣೆಯಲ್ಲಿ ಇನ್ನೊಬ್ಬನಿದ್ದಾನೆ, ಗೊರಕೆ ಹೊಡೆಯುತ್ತಾನೆ. ಬೆಳಿಗ್ಗೆ ಬೇಗ ಎಬ್ಬಿಸುತ್ತಾರೆ. ಮೈ ನೋಯುತ್ತದೆ, ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಕಾಗದ ಒಪಾಲ್ ದೊಡ್ಡಮ್ಮನ ಮನೆಗೇ ಬರೆ, ಅವಳು ತಲುಪಿಸುತ್ತಾಳೆ.

ಕೆಡ್ರಿಕ್

*

ಬೋಟಿನಿಂದ
14 ಸೆಪ್ಟೆಂಬರ್ 1997

ಮರಿ,

ಎಷ್ಟು ಚಿಕ್ಕ ಕಾಗದವಾದರೂ ಸರಿ, ಬಂತಲ್ಲ. ಅದನ್ನು ಹಿಟ್ಟಿನ ಡಬ್ಬದ ಮೇಲೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ನಿನ್ನ ಜೆರ್ಸಿಯ ನಂಬರು ಎಷ್ಟು? ಕ್ಯಾಪ್ಟನ್ ದಿನಾ ಕೇಳುತ್ತಾನೆ, ರೇಡಿಯೋದಲ್ಲಿ ನಿಮ್ಮ ಪಂದ್ಯ ಬರುತ್ತದೆಯೇ ಎಂದು ಹುಡುಕುತ್ತಾನೆ. ಯಾವ ಪಾಠ ತೆಗೆದುಕೊಂಡಿದ್ದೀಯ? ಏನು ಓದುತ್ತಿದ್ದೀಯ? ಹಡಗಿನದೇ ಬೇಕಿಲ್ಲ, ಯಾರೂ ಸಾಯದ ಪುಸ್ತಕಗಳೂ ಇವೆಯಂತೆ.

ಅಮ್ಮ

*

5 ಅಕ್ಟೋಬರ್ 1997

ಅಮ್ಮಾ,

ಚೆನ್ನಾಗಿದ್ದೇನೆ. ಆಟದ ಬಗ್ಗೆ ಬರೆಯುವಂಥದ್ದು ಏನಿಲ್ಲ. ಬಿಡುವಾದಾಗ ಓದುತ್ತೇನೆ. ಇಲ್ಲಿ ಯಾರೋ ಬಿಟ್ಟುಹೋದ ಪುಸ್ತಕಗಳ ಒಂದು ಪೆಟ್ಟಿಗೆ ಇದೆ. ಚಳಿ ಶುರುವಾಗಿದೆ. ನೀನು ಬೆಚ್ಚಗಿರು.

ಕೆಡ್ರಿಕ್

*

ಬೋಟಿನಿಂದ, ಗ್ರೀನ್‌ವಿಲ್‌ಗಿಂತ ಮೇಲೆ
19 ಅಕ್ಟೋಬರ್ 1997

ಕೆಡ್ರಿಕ್,

ಈ ಕಾಗದವನ್ನು ಒಪಾಲ್ ಮನೆಗೆ ಕಳಿಸುತ್ತಿಲ್ಲ. ನಿಮ್ಮ ಬೋಟಿನ ಮೈಮೇಲೆ ಬರೆದಿರುವ ಕಂಪನಿಯ ಹೆಸರಿಗೆ ಕಳಿಸುತ್ತಿದ್ದೇನೆ. ಅವರು ತಲುಪಿಸಲಿ.

ನಿನ್ನೆ ಮಧ್ಯಾಹ್ನದ ಊಟ ಮುಗಿದ ಮೇಲೆ ತರಕಾರಿ ಸಿಪ್ಪೆ ಚೆಲ್ಲಲು ಹೊರಗೆ ಬಂದೆ. ನಾವು ಮೇಲಕ್ಕೆ ಹೋಗುತ್ತಿದ್ದೆವು, ಇನ್ನೊಂದು ಬೋಟು ಬಾರ್ಜುಗಳನ್ನು ತಳ್ಳಿಕೊಂಡು ಕೆಳಕ್ಕೆ ಬರುತ್ತಿತ್ತು. ಒಳ್ಳೆಯ ಬಿಸಿಲಿತ್ತು. ಬಾರ್ಜುಗಳ ತುದಿಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡ ಒಬ್ಬ ದೊಡ್ಡ ಹುಡುಗ ಮಂಡಿ ಬಗ್ಗಿಸಿ, ಬೆನ್ನು ಚಪ್ಪಟೆ ಮಾಡಿ, ಸಲಾಕಿ ಹಿಡಿದು ಉಕ್ಕಿನ ಹಗ್ಗ ಬಿಗಿ ಮಾಡುತ್ತಿದ್ದ. ಪಾಪ, ಯಾರ ಮಗನೋ ಎಂದುಕೊಂಡೆ. ಆಮೇಲೆ ಅವನು ಎದ್ದು ನಿಂತು ಬಲಗಾಲಿನ ಬೂಟು ಸಡಿಲ ಮಾಡಿಕೊಂಡ.

ನಿನ್ನ ಹೆಸರು ಹಿಡಿದು ಕೂಗಿದೆ. ಎರಡು ಎಂಜಿನ್ನುಗಳ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕ್ಯಾಪ್ಟನ್ ಮೇಲಿನಿಂದ ನೋಡುತ್ತಿದ್ದವನು ಕಿಟಕಿ ತೆರೆದು, "ಹಾರ್ನ್ ಹೊಡೀಲಾ ವರ್ಲೀನ್?" ಎಂದ. "ಬೇಡ. ಕೆಲ್ಸ ಮಾಡ್ತಿದಾನೆ, ಗಮನ ತಪ್ಪತ್ತೆ" ಎಂದೆ. ಅವನು ರೇಡಿಯೋದಲ್ಲಿ ಆ ಬೋಟಿನವರನ್ನು ಕೇಳಿದ. "ಟಾಲಿವರ್ ಅಂತ, ಆಗಸ್ಟ್‌ನಲ್ಲಿ ಸೇರ್ದ. ಮಾತು ಕಮ್ಮಿ, ಕೆಲ್ಸಕ್ಕೆ ಎತ್ತಿದ ಕೈ" ಎಂದರು. ನೀನು ಬೆನ್ನು ತಿರುಗಿಸಿಯೇ ಇದ್ದೆ. ಬೋಟು ತಿರುವು ದಾಟುವವರೆಗೆ ನಿಂತಿದ್ದೆ. ಸಿಪ್ಪೆಯ ಬಕೆಟ್ಟು ಕೈಯಲ್ಲೇ ಇತ್ತು.

ಒಳಗೆ ಬಂದು ಡಬ್ಬದ ಮೇಲಿನ ನಿನ್ನ ಕಾಗದ ಓದಿದೆ. ಎಲ್ಲಿಯೂ ಕಾಲೇಜು ಎಂದು ಬರೆದಿರಲಿಲ್ಲ. ಸುಳ್ಳು ಹೇಳದೆ ಹೇಗೆ ಬರೆಯುವುದು ಎಂದು ಎಷ್ಟು ಹೊತ್ತು ಕೂತಿದ್ದೆಯೋ. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಅಳುವೂ ಬರಲಿಲ್ಲ. ಪಾತ್ರೆ ತೊಳೆದೆ, ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚಿದೆ. ಹುಡುಗರು ಬಂದರು, ಬಡಿಸಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಬಿಟ್ಟು ಬಾ ಎಂದು ಬರೆಯಲು ಕೂತೆ, ಎರಡು ಹಾಳೆ ಹಾಳು ಮಾಡಿದೆ. ನೀನು ಬರುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತೇನೆ.

ಕೈಗವಸು ಒದ್ದೆಯಾದರೆ ತಕ್ಷಣ ಬದಲಾಯಿಸು, ಒಂದು ಜೊತೆ ಯಾವಾಗಲೂ ಜೇಬಿನಲ್ಲಿರಲಿ. ಬಾರ್ಜಿನಿಂದ ಬಾರ್ಜಿಗೆ ಹಾರಬೇಡ, ಎಲ್ಲರೂ ಹಾರುತ್ತಾರೆ, ನೀನು ಸುತ್ತಿಕೊಂಡು ನಡೆ. ನಗುವವರು ನಗಲಿ. ಬೆಳಿಗ್ಗೆ ಮಂಜು ಬಿದ್ದಾಗ ಡೆಕ್ಕು ಸೋಪಿನಂತೆ ಜಾರುತ್ತದೆ. ಜಾಕೆಟ್ಟಿನ ಬಕಲ್ ಮೂರನ್ನೂ ಹಾಕು, ನಿನ್ನೆ ಮೇಲಿನದೊಂದೇ ಹಾಕಿದ್ದೆ. ಅಡುಗೆಯವಳ ಹತ್ತಿರ ಚೆನ್ನಾಗಿರು, ಹೊಟ್ಟೆಗೆ ಬೇಕಾದ್ದು ಕೇಳಿ ಹಾಕಿಸಿಕೋ. ಹಗ್ಗ ಬಿಗಿಯಾಗುವ ಸದ್ದು ಬಂದರೆ ಮೊದಲು ನಿನ್ನ ಕಾಲು ಎಲ್ಲಿದೆ ನೋಡಿಕೋ. ಹಗ್ಗದ ಸುರುಳಿಯೊಳಗೆ ಯಾವತ್ತೂ ಕಾಲಿಡಬೇಡ.

ಇದನ್ನು ಎರಡು ಸಲ ಓದು.

ನಿನ್ನ ಅಮ್ಮ